ಬೀದರ್: ಕಚೇರಿ ಕೆಲಸವಿಲ್ಲದೆ, ಒಬ್ಬರೇ, ಒಂದು ದಿನ

ಭಾಲ್ಕಿ ತಾಲ್ಲೂಕಿನ ಭಾತಂಬ್ರಾದವರಿಗಾಗಲಿ, ಔರಾದ್ ಕಡೆಯ ಹಳ್ಳಿಗಳವರಿಗಾಗಲಿ ಬೀದರ್ ಎಂದರೆ ಜಿಲ್ಲಾಧಿಕಾರಿ ಕಚೇರಿ, ನ್ಯಾಯಾಲಯ ಮತ್ತು ದೊಡ್ಡ ಆಸ್ಪತ್ರೆ. ಬೆಳಿಗ್ಗೆ ಬಸ್ಸು ಹಿಡಿದು ಬರುವುದು, ಕಡತವೊಂದಕ್ಕೆ ಸಹಿ ಹಾಕಿಸಿಕೊಳ್ಳುವುದು, ಚಹಾ ಕುಡಿದು ಸಂಜೆಯೊಳಗೆ ಊರು ಸೇರುವುದು ರೂಢಿ. ಕೋಟೆಯ ಬುರುಜು ಬಸ್ಸಿನ ಕಿಟಕಿಯಿಂದ ಕಂಡರೂ ಅದರೊಳಗೆ ಕಾಲಿಡದೆ ಹತ್ತಾರು ವರ್ಷ ಓಡಾಡಿದವರು ಜಿಲ್ಲೆಯಲ್ಲಿ ಬೇಕಾದಷ್ಟು ಮಂದಿ ಸಿಗುತ್ತಾರೆ. ರಾಜಧಾನಿಯವರ ಕಥೆ ಬೇರೆ. ಬೆಂಗಳೂರಿನಿಂದ ಸುಮಾರು 700 ಕಿಲೋಮೀಟರ್ ದೂರದ ಈ ನಗರವನ್ನು ಅವರು ‘ಕರ್ನಾಟಕದ ಕಿರೀಟ’ ಎಂದು ಭಾಷಣಗಳಲ್ಲಿ ಕೇಳಿರುತ್ತಾರೆ, ಭೂಪಟದಲ್ಲಿ ಕಂಡಿರುತ್ತಾರೆ, ಅಷ್ಟೇ.

ವಾಸ್ತವದಲ್ಲಿ ಒಬ್ಬಂಟಿಯಾಗಿ ಒಂದೇ ದಿನದಲ್ಲಿ ನೋಡಿ ಮುಗಿಸಬಹುದಾದ ಐತಿಹಾಸಿಕ ನಗರ ರಾಜ್ಯದಲ್ಲಿ ಇದ್ದರೆ ಅದು ಬೀದರ್. ವಿಜಯಪುರದಂತೆ ಇಲ್ಲಿ ಸ್ಮಾರಕಗಳು ಊರಗಲಕ್ಕೆ ಹರಡಿಲ್ಲ, ಹಂಪಿಯಂತೆ ಬಂಡೆಗಳ ನಡುವೆ ಬಿಸಿಲಿನಲ್ಲಿ ಅಲೆಯಬೇಕಿಲ್ಲ. ಕೋಟೆ, ಮದರಸಾ, ಚೌಬಾರಾ, ಬಿದ್ರಿ ಕುಶಲಕರ್ಮಿಗಳ ಅಂಗಡಿಗಳು ಹಳೆಯ ಊರಿನ ಒಂದೇ ಎಳೆಯ ಮೇಲೆ ಪೋಣಿಸಿದಂತಿವೆ. ಅವುಗಳ ನಡುವೆ ಕಾಲ್ನಡಿಗೆ ಸಾಕು. ಉಳಿದ ಕಡೆಗೆ ಆಟೊ ಸಿಗುತ್ತದೆ.

ಎಲ್ಲದರ ಬುಡದಲ್ಲಿ ಕೆಂಪು ಕಲ್ಲು

ನೋಡಲು ಹೊರಡುವ ಮುನ್ನ ಒಂದು ಸಂಗತಿ ತಿಳಿದಿದ್ದರೆ ಉಳಿದದ್ದೆಲ್ಲ ತಾನಾಗಿ ಅರ್ಥವಾಗುತ್ತದೆ. ಸಮುದ್ರಮಟ್ಟದಿಂದ ಎರಡು ಸಾವಿರ ಅಡಿಗೂ ಹೆಚ್ಚು ಎತ್ತರದ ಪ್ರಸ್ಥಭೂಮಿಯ ಅಂಚಿನಲ್ಲಿ ಬೀದರ್ ನಿಂತಿದೆ. ಈ ಪ್ರಸ್ಥಭೂಮಿಯ ಮೇಲ್ಪದರ ಜಂಬಿಟ್ಟಿಗೆ, ಅಂದರೆ ತೂತು ತೂತಾದ ಕೆಂಪು ಮುರಕಲ್ಲು. ಅದರ ಕೆಳಗಿರುವುದು ದಖ್ಖನ್ನಿನ ಗಟ್ಟಿ ಕಪ್ಪು ಶಿಲೆ. ಮಳೆಯ ನೀರು ಜಂಬಿಟ್ಟಿಗೆಯ ಮೂಲಕ ಸಲೀಸಾಗಿ ಇಳಿಯುತ್ತದೆ, ಕಪ್ಪು ಶಿಲೆ ಸಿಕ್ಕೊಡನೆ ತಡೆದು ನಿಲ್ಲುತ್ತದೆ, ಪಕ್ಕಕ್ಕೆ ಜರುಗಿ ಪ್ರಸ್ಥಭೂಮಿಯ ಅಂಚಿನಲ್ಲಿ ಝರಿಯಾಗಿ ಹೊರಬರುತ್ತದೆ. ನಾನಕ್ ಝೀರಾ, ನರಸಿಂಹ ಝರಣಿ, ಪಾಪನಾಶ ಎಂಬ ಹೆಸರುಗಳೆಲ್ಲ ನೀರಿನ ಸುತ್ತಲೇ ಇರುವುದು ಆಕಸ್ಮಿಕವಲ್ಲ.

ಬಹಮನಿ ಸುಲ್ತಾನ ಒಂದನೇ ಅಹ್ಮದ್ ಷಾ 15ನೇ ಶತಮಾನದ ಮೂರನೇ ದಶಕದಲ್ಲಿ ಕಲಬುರಗಿಯಿಂದ ರಾಜಧಾನಿಯನ್ನು ಇಲ್ಲಿಗೆ ಸಾಗಿಸಿದ. ಬೇಟೆಯಲ್ಲಿ ನಾಯಿಗಳನ್ನು ಎದುರಿಸಿ ನಿಂತ ನರಿಯನ್ನು ಕಂಡು ಸ್ಥಳ ಮೆಚ್ಚಿದನೆಂಬ ಮಾದರಿಯ ಐತಿಹ್ಯಗಳು ಅನೇಕ ರಾಜಧಾನಿಗಳಿಗಿವೆ, ಬೀದರಿಗೂ ಇದೆ. ಆದರೆ ಎತ್ತರ, ತಂಪು ಗಾಳಿ, ಕೊರೆಯಲು ಸುಲಭವಾದ ಕಲ್ಲು ಮತ್ತು ಬತ್ತದ ನೀರು, ಇವು ಐತಿಹ್ಯಕ್ಕಿಂತ ಬಲವಾದ ಕಾರಣಗಳು.

ಬೆಳಿಗ್ಗೆ: ಸಮಾಧಿಗಳ ಉದ್ಯಾನ

ದಿನವನ್ನು ಕೋಟೆಯಿಂದಲ್ಲ, ಊರಿನ ಪಶ್ಚಿಮಕ್ಕೆ ಉದಗೀರ್ ರಸ್ತೆಯಲ್ಲಿರುವ ಬರೀದ್ ಶಾಹಿ ಸಮಾಧಿಗಳ ಉದ್ಯಾನದಿಂದ ಆರಂಭಿಸುವುದು ಲೇಸು. ವಸ್ತುಸಂಗ್ರಹಾಲಯದ ಬಾಗಿಲು ತೆರೆಯಲು ಇನ್ನೂ ಹೊತ್ತಿರುತ್ತದೆ, ಬಿಸಿಲೂ ಏರಿರುವುದಿಲ್ಲ. ಬೆಳಗಿನ ವಾಯುವಿಹಾರಕ್ಕೆ ಬಂದ ನಿವೃತ್ತ ನೌಕರರು ಗೋರಿಗಳ ಸುತ್ತ ಸುತ್ತು ಹಾಕುತ್ತಿರುತ್ತಾರೆ. ಬಹಮನಿಗಳ ನಂತರ ಬೀದರನ್ನು ಆಳಿದವರು ಬರೀದ್ ಶಾಹಿಗಳು. 1619ರಲ್ಲಿ ವಿಜಯಪುರದ ಆದಿಲ್ ಶಾಹಿಗಳು ಅವರ ರಾಜ್ಯವನ್ನು ಸೇರಿಸಿಕೊಂಡರು. ಅವರಲ್ಲಿ ದೀರ್ಘಕಾಲ ಆಳಿದ ಅಲಿ ಬರೀದನ ಗೋರಿ 1570ರ ದಶಕದ್ದು. ಅದರ ನಾಲ್ಕೂ ದಿಕ್ಕುಗಳು ತೆರೆದಿವೆ. ಗೋರಿ ಎಂದೊಡನೆ ಮನಸ್ಸಿಗೆ ಬರುವ ಕತ್ತಲೆ ಇಲ್ಲಿಲ್ಲ. ಒಂದು ಕಮಾನಿನಿಂದ ಬಂದ ಗಾಳಿ ಇನ್ನೊಂದರಿಂದ ಹೊರಡುತ್ತದೆ, ಒಳಗೋಡೆಯ ಮೇಲಿನ ಬಣ್ಣದ ಹೆಂಚಿನ ಪಟ್ಟಿಯಲ್ಲಿ ಪಾರಸಿ ಅಕ್ಷರಗಳು ಕಾಣುತ್ತವೆ. ಒಬ್ಬರೇ ಬಂದವರು ಒಂದಿಷ್ಟು ಹೊತ್ತು ಸುಮ್ಮನೆ ಕೂರಲು ನಗರದಲ್ಲಿ ಇದಕ್ಕಿಂತ ಒಳ್ಳೆಯ ಜಾಗವಿಲ್ಲ.

ಉಪಾಹಾರಕ್ಕೆ ಬಸ್ ನಿಲ್ದಾಣದ ಆಸುಪಾಸು. ಇಡ್ಲಿ, ದೋಸೆ ಎಲ್ಲ ಕಡೆಯಂತೆ ಇಲ್ಲಿಯೂ ಇದೆ. ಆದರೆ ಈ ಸೀಮೆಯ ರುಚಿ ಬೇಕೆಂದರೆ ನೆನೆಸಿದ ಮಂಡಕ್ಕಿಗೆ ಒಗ್ಗರಣೆ ಹಾಕಿದ ಸುಸಲಾ, ಜೊತೆಗೆ ಮಿರ್ಚಿ ಭಜಿ ಕೇಳಬೇಕು. ಪಕ್ಕದ ಮರಾಠಿ ಸೀಮೆಯಿಂದ ಬಂದ ಅವಲಕ್ಕಿ ಪೋಹೆಯೂ ಸಿಗುತ್ತದೆ. ಹೋಟೆಲಿನ ಮೇಜಿನಲ್ಲಿ ಕನ್ನಡ, ಉರ್ದು, ಮರಾಠಿ, ತೆಲುಗು ನಾಲ್ಕೂ ಒಂದೇ ಮಾತಿನಲ್ಲಿ ಬೆರೆತು ಬರುವುದನ್ನು ಕೇಳಿದರೆ ಹೊರಗಿನವರಿಗೆ ಮೊದಮೊದಲು ಗೊಂದಲವಾಗಬಹುದು. ಅಣ್ಣಾ ಎಂದರೂ ಭಯ್ಯಾ ಎಂದರೂ ಕಾಕಾ ಎಂದರೂ ಸಪ್ಲೈಯರ್ ತಿರುಗಿ ನೋಡುತ್ತಾನೆ.

ಕೋಟೆ: ಬೀಗದ ಹಿಂದಿನ ಬಣ್ಣ

ಕೋಟೆಗೆ ಕನಿಷ್ಠ ಮೂರು ಗಂಟೆ ಮೀಸಲಿಡಬೇಕು. ಪ್ರವೇಶದಲ್ಲೇ ಶರ್ಜಾ ದರ್ವಾಜಾ. 1503ರಲ್ಲಿ ನಿರ್ಮಾಣಗೊಂಡ ಈ ದ್ವಾರದ ಮುಂಭಾಗದಲ್ಲಿ ಎರಡು ಹುಲಿಗಳ ಉಬ್ಬುಚಿತ್ರಗಳಿದ್ದು, ಅದರಿಂದಲೇ ಈ ಹೆಸರು. ಮುಂದೆ ಗುಂಬದ್ ದರ್ವಾಜಾ ಎದುರಾಗುತ್ತದೆ. ಇಲ್ಲಿ ಹೆಚ್ಚಿನವರು ಛಾಯಾಚಿತ್ರ ತೆಗೆದುಕೊಂಡು ಒಳನಡೆಯುತ್ತಾರೆ. ನಿಜವಾದ ವಿಶೇಷ ಕಾಲ ಕೆಳಗಿದೆ. ಕೋಟೆಯ ದಕ್ಷಿಣ ಭಾಗದಲ್ಲಿ ಕಂದಕ ಒಂದಲ್ಲ, ಮೂರು ಸಾಲು. ಇವು ಮಣ್ಣು ಅಗೆದು ಮಾಡಿದವುಗಳಲ್ಲ. ಜಂಬಿಟ್ಟಿಗೆಯ ಬಂಡೆಯನ್ನೇ ಕಡಿದು, ನಡುನಡುವೆ ಕಲ್ಲಿನ ಗೋಡೆಗಳನ್ನು ಹಾಗೆಯೇ ಉಳಿಸಿ ರೂಪಿಸಿದವು. ಕಡಿದು ತೆಗೆದ ಅದೇ ಜಾತಿಯ ಕಲ್ಲು ಕೋಟೆಯ ಗೋಡೆಯಲ್ಲಿಯೂ ಕಾಣಸಿಗುತ್ತದೆ. ಮೇಲೆ 37 ಬುರುಜುಗಳು.

ಒಳಗಿನ ಲಾಲ್ ಬಾಗ್ ಉದ್ಯಾನದ ಎದುರಿಗೆ ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಯ ವಸ್ತುಸಂಗ್ರಹಾಲಯವಿದೆ. ಕಟ್ಟಡವೇ ಇಲ್ಲಿನ ಮೊದಲ ಪ್ರದರ್ಶನ ವಸ್ತು: ಇದು ಅರಮನೆಯ ಹಮಾಮು, ಅಂದರೆ ರಾಜಮನೆತನದ ಸ್ನಾನಗೃಹವಾಗಿತ್ತು. ಸುತ್ತಮುತ್ತ ದೊರೆತ ಶಿಲ್ಪಗಳು, ಶಾಸನಗಳು, ಹಳೆಯ ಆಯುಧಗಳನ್ನು ಇರಿಸಲಾಗಿದೆ. ಸಂಗ್ರಹ ದೊಡ್ಡದೇನಲ್ಲ, ಅರ್ಧ ಗಂಟೆ ಸಾಕು. ಆದರೂ ಸುಲ್ತಾನರ ಕೋಟೆಯೊಳಗೆ ಅದಕ್ಕೂ ಹಿಂದಿನ ದೇಗುಲಗಳ ಶಿಲ್ಪಗಳನ್ನು ಕಂಡಾಗ ಈ ನೆಲದ ಇತಿಹಾಸ ಬಹಮನಿಗಳಿಂದ ಆರಂಭವಾದದ್ದಲ್ಲ ಎಂಬುದು ಮನದಟ್ಟಾಗುತ್ತದೆ. ಇಲಾಖೆಯ ಇಂಥ ಸಂಗ್ರಹಾಲಯಗಳಿಗೆ ಸಾಮಾನ್ಯವಾಗಿ ಶುಕ್ರವಾರ ರಜೆ. ಆ ದಿನ ತಪ್ಪಿಸಿ ಬರುವುದು ಒಳಿತು.

ಪಕ್ಕದಲ್ಲಿಯೇ ಸೋಲಾ ಖಂಬಾ ಮಸೀದಿ. ನಡುವಿನ ಹದಿನಾರು ಕಂಬಗಳಿಂದ ಈ ಹೆಸರು ಬಂದಿದೆ. ಇಲ್ಲಿ ದೊರೆತ ಶಾಸನದ ಪ್ರಕಾರ ನಿರ್ಮಾಣ ಕಾಲ 1423-24. ಅಂದರೆ ಬೀದರಿನಲ್ಲಿ ಉಳಿದಿರುವ ಅತ್ಯಂತ ಹಳೆಯ ಮುಸ್ಲಿಂ ಕಟ್ಟಡಗಳಲ್ಲಿ ಇದೂ ಒಂದು. ದಪ್ಪ ದುಂಡು ಕಂಬಗಳ ಸಾಲು ಉದ್ದಕ್ಕೂ ಸಾಗುತ್ತದೆ. ಅಲಂಕಾರ ತೀರಾ ಕಡಿಮೆ.

ಅಲಂಕಾರ ನೋಡಬೇಕೆಂದರೆ ರಂಗೀನ್ ಮಹಲ್. ಅಲಿ ಬರೀದನ ಕಾಲದಲ್ಲಿ ಇಂದಿನ ರೂಪ ಪಡೆದ ಈ ಸಣ್ಣ ಅರಮನೆಯಲ್ಲಿ ಕೆತ್ತನೆಯ ಮರದ ಕಂಬಗಳು, ಬಣ್ಣದ ಹೆಂಚುಗಳು, ಕಡು ಕಪ್ಪು ಕಲ್ಲಿನೊಳಗೆ ಕೂರಿಸಿದ ಮುತ್ತಿನ ಚಿಪ್ಪಿನ ಕುಸುರಿ ಇವೆ. ಚಿಪ್ಪು ಬೆಳಕಿಗೆ ತಕ್ಕಂತೆ ಬಣ್ಣ ಬದಲಿಸುತ್ತದೆ. ಸೂಕ್ಷ್ಮ ಕೆಲಸವಾದ್ದರಿಂದ ಮಹಲಿಗೆ ಸಾಮಾನ್ಯವಾಗಿ ಬೀಗ ಹಾಕಿರುತ್ತಾರೆ. ಬೀಗ ಕಂಡು ಹಿಂದಿರುಗುವವರೇ ಹೆಚ್ಚು. ಸಂಗ್ರಹಾಲಯದ ಸಿಬ್ಬಂದಿಯನ್ನು ವಿನಯದಿಂದ ವಿಚಾರಿಸಿದರೆ ತೆರೆದು ತೋರಿಸುವ ರೂಢಿಯಿದೆ. ಹತ್ತಾರು ಜನರ ಗುಂಪಿಗಿಂತ ಒಬ್ಬ ಆಸಕ್ತರಿಗೆ ಬೀಗ ತೆಗೆಯುವುದು ಅವರಿಗೂ ಸುಲಭ. ಒಂಟಿ ಪ್ರವಾಸದ ಸಣ್ಣ ಲಾಭಗಳಲ್ಲಿ ಇದೂ ಒಂದು.

ಗಗನ್ ಮಹಲ್, ತರ್ಕಶ್ ಮಹಲ್, ದಿವಾನ್-ಎ-ಆಮ್, ತಖ್ತ್ ಮಹಲ್ ಇವುಗಳು ಬಹುಮಟ್ಟಿಗೆ ಪಾಳುಬಿದ್ದಿವೆ. ಸಮಯ ಕಡಿಮೆಯಿದ್ದವರು ತಖ್ತ್ ಮಹಲ್ ಒಂದನ್ನು ನೋಡಿದರೂ ನಡೆಯುತ್ತದೆ.

ಮದರಸಾ: ಸಿಡಿದ ಅರ್ಧ, ಉಳಿದ ಅರ್ಧ

ಕೋಟೆಯಿಂದ ಹಳೆಯ ಊರಿನ ದಾರಿಯಲ್ಲಿ ನಡೆದು ಬಂದರೆ ಮಹಮೂದ್ ಗವಾನ್ ಮದರಸಾ. ಇರಾನಿನ ಗಿಲಾನ್ ಪ್ರಾಂತ್ಯದಿಂದ ವ್ಯಾಪಾರಕ್ಕೆಂದು ಬಂದ ಗವಾನ್, ತನ್ನ ವಿದ್ವತ್ತಿನಿಂದ ಬಹಮನಿ ರಾಜ್ಯದ ಪ್ರಧಾನ ಮಂತ್ರಿಯ ಹುದ್ದೆಗೇರಿದ. 1472ರಲ್ಲಿ ಮೂರು ಅಂತಸ್ತಿನ ಈ ವಿದ್ಯಾಲಯವನ್ನು ಕಟ್ಟಿಸಿದ. ಉಪನ್ಯಾಸ ಕೊಠಡಿಗಳು, ಗ್ರಂಥಾಲಯ, ಮಸೀದಿ, ಶಿಕ್ಷಕರಿಗೂ ವಿದ್ಯಾರ್ಥಿಗಳಿಗೂ ವಾಸದ ಕೋಣೆಗಳು ಒಂದೇ ಆವರಣದಲ್ಲಿದ್ದವು. ಆಸ್ಥಾನದ ಪ್ರತಿಸ್ಪರ್ಧಿಗಳು ಅವನ ಮುದ್ರೆಯಿದ್ದ ನಕಲಿ ಪತ್ರವೊಂದನ್ನು ಸೃಷ್ಟಿಸಿ ಸುಲ್ತಾನನ ಕಿವಿ ಊದಿದರು. 1481ರಲ್ಲಿ ವೃದ್ಧ ಮಂತ್ರಿಯ ತಲೆ ಉರುಳಿತು. ರಾಜ್ಯವೂ ಬಹುಕಾಲ ಉಳಿಯಲಿಲ್ಲ, ಐದು ತುಂಡಾಯಿತು.

ಮದರಸಾ ಮಾತ್ರ ಇನ್ನೂ ಎರಡು ಶತಮಾನ ಗಟ್ಟಿಯಾಗಿತ್ತು. ಔರಂಗಜೇಬನಿಂದ ಬೀದರ್ ಮೊಗಲರ ವಶವಾದ ಮೇಲೆ ಇಲ್ಲಿ ಸೈನಿಕರ ಬಿಡಾರವಾಯಿತು, ಮದ್ದುಗುಂಡಿನ ದಾಸ್ತಾನೂ ಬಂತು. 1690ರ ದಶಕದಲ್ಲಿ ಅದು ಸ್ಫೋಟಗೊಂಡು ಒಂದು ಮಿನಾರು ಮತ್ತು ಮುಂಭಾಗದ ಬಹುಪಾಲು ಕುಸಿದವು. ಈಗ ಉಳಿದಿರುವ ಒಂದು ಮಿನಾರಿನ ಮೇಲೆ ನೀಲಿ, ಹಸಿರು, ಹಳದಿ ಹೆಂಚುಗಳು ಅಲ್ಲಲ್ಲಿ ಅಂಟಿಕೊಂಡಿವೆ. ಒಂದು ಕಾಲಕ್ಕೆ ಇಡೀ ಮುಂಭಾಗವೇ ಈ ಬಣ್ಣದಲ್ಲಿ ಮಿಂಚುತ್ತಿದ್ದುದನ್ನು ಊಹಿಸಿಕೊಳ್ಳಲು ಕಟ್ಟಡದ ಎದುರು ರಸ್ತೆಯಾಚೆ ನಿಲ್ಲಬೇಕು, ತೀರಾ ಹತ್ತಿರ ಹೋದರೆ ಕಾಣದು. ಮದರಸಾ ಕಟ್ಟುವ ಹೊತ್ತಿಗೇ ಸರಿಸುಮಾರಾಗಿ ರಷ್ಯದ ತ್ವೆರ್ ನಗರದ ವರ್ತಕ ಅಫನಾಸಿ ನಿಕಿತಿನ್ ಬೀದರಿಗೆ ಬಂದಿದ್ದ. ಶ್ರೀಮಂತರ ವೈಭವವನ್ನೂ ಹಳ್ಳಿಗರ ದಾರಿದ್ರ್ಯವನ್ನೂ ಒಟ್ಟಿಗೆ ಬರೆದಿಟ್ಟ ಅವನ ಟಿಪ್ಪಣಿಗಳು ಇಂದಿಗೂ ಇತಿಹಾಸಕಾರರಿಗೆ ಆಕರ.

ಅಲ್ಲಿಂದ ಕೆಲವೇ ಹೆಜ್ಜೆಗಳಲ್ಲಿ ಚೌಬಾರಾ. 71 ಅಡಿ ಎತ್ತರದ ದುಂಡನೆಯ ಕಾವಲು ಗೋಪುರ. ಸುತ್ತಲೂ ಮಾರುಕಟ್ಟೆಯ ಗದ್ದಲ, ನೆತ್ತಿಯ ಮೇಲೆ ಗಡಿಯಾರ. ಹಳೆಯ ಊರಿನಲ್ಲಿ ದಾರಿ ತಪ್ಪಿದವರು ತಲೆ ಎತ್ತಿ ಇದನ್ನು ಹುಡುಕಿದರೆ ಸಾಕು.

ಬಿದ್ರಿ: ಕೋಟೆಯ ಮಣ್ಣು ಬಣ್ಣವಾಗುವ ಬಗೆ

ಚೌಬಾರಾ ಪರಿಸರದ ಅಂಗಡಿಗಳಲ್ಲಿ ಬಿದ್ರಿ ಕಲೆಯ ಹೂದಾನಿ, ಹುಕ್ಕಾ ಬುಡ, ಪೆಟ್ಟಿಗೆ, ಬಳೆ, ಕಿವಿಯೋಲೆಗಳು ಮಾರಾಟಕ್ಕಿವೆ. ಕೊಳ್ಳದಿದ್ದರೂ ಚಿಂತೆಯಿಲ್ಲ, ಕೆಲಸ ನಡೆಯುತ್ತಿದ್ದರೆ ಕುಳಿತು ನೋಡಬೇಕು. ಸತುವಿಗೆ ಸ್ವಲ್ಪ ತಾಮ್ರ ಬೆರೆಸಿ (ಸುಮಾರು ಹದಿನಾರಕ್ಕೆ ಒಂದರಂತೆ) ಎರಕ ಹೊಯ್ಯುತ್ತಾರೆ. ಉಜ್ಜಿ ನುಣುಪಾಗಿಸಿ, ಮೈಲುತುತ್ತದ ದ್ರಾವಣ ಬಳಿದು ತಾತ್ಕಾಲಿಕವಾಗಿ ಕಪ್ಪಾಗಿಸುತ್ತಾರೆ. ಗೆರೆ ಎಳೆದರೆ ಕಾಣಲಿ ಎಂದು. ಬಳಿಕ ಉಳಿಯಿಂದ ಬಳ್ಳಿ, ಹೂವು ಕೆತ್ತಿ ಆ ಸಣ್ಣ ಕಾಲುವೆಗಳಲ್ಲಿ ಬೆಳ್ಳಿಯ ತಂತಿ ಅಥವಾ ತಗಡು ಕೂರಿಸಿ ಬಡಿಯುತ್ತಾರೆ. ಮತ್ತೆ ಉಜ್ಜಿದಾಗ ಕಪ್ಪು ಹೋಗಿ ಎಲ್ಲವೂ ಒಂದೇ ಬಿಳಿಯಾಗಿ ಕಾಣುತ್ತದೆ. ಬೆಳ್ಳಿ ಯಾವುದು, ಸತು ಯಾವುದು ತಿಳಿಯದು.

ಚಮತ್ಕಾರ ನಡೆಯುವುದು ಕೊನೆಯಲ್ಲಿ. ಕೋಟೆಯ ಹಳೆಯ ಕಟ್ಟಡಗಳೊಳಗಿನ, ಬಿಸಿಲು ಮಳೆ ಕಾಣದ ಮಣ್ಣನ್ನು ತಂದು ನವಸಾಗರದೊಂದಿಗೆ ನೀರಿನಲ್ಲಿ ಕಲಸಿ, ಬಿಸಿ ಮಾಡಿದ ಪಾತ್ರೆಗೆ ಉಜ್ಜುತ್ತಾರೆ. ಸತುವಿನ ಮಿಶ್ರಲೋಹ ಶಾಶ್ವತವಾಗಿ ಕಪ್ಪಾಗುತ್ತದೆ, ಬೆಳ್ಳಿ ಹಾಗೆಯೇ ಹೊಳೆಯುತ್ತದೆ. ಹಿರಿಯ ಕುಶಲಕರ್ಮಿಗಳು ಮಣ್ಣನ್ನು ನಾಲಿಗೆಯ ಮೇಲಿಟ್ಟು ರುಚಿ ನೋಡಿಯೇ ಅದು ತಕ್ಕುದೋ ಅಲ್ಲವೋ ಎಂದು ನಿರ್ಧರಿಸುತ್ತಾರೆ. ಬಿದ್ರಿ ಕಲೆಗೆ 2006ರಲ್ಲಿ ಭೌಗೋಳಿಕ ಸೂಚಿಕೆ ಮಾನ್ಯತೆ ದೊರೆಯಿತು. ಇಲ್ಲಿಯ ಕಲಾವಿದ ಷಾ ರಶೀದ್ ಅಹ್ಮದ್ ಖಾದ್ರಿ ಅವರಿಗೆ 2023ರಲ್ಲಿ ಪದ್ಮಶ್ರೀ ಸಂದಿತು. ಮಾನ್ಯತೆಗಳು ಬಂದವು, ಬೆಳ್ಳಿಯ ಬೆಲೆಯೂ ಏರಿತು. ದಿನವಿಡೀ ಕುಳಿತು ಉಳಿ ಹಿಡಿಯುವ ಕೆಲಸಕ್ಕೆ ಮನೆಯ ಹುಡುಗರು ಬರುತ್ತಿಲ್ಲ ಎಂಬುದು ಅಂಗಡಿಗಳಲ್ಲಿ ಸಾಮಾನ್ಯವಾಗಿ ಕೇಳಿಬರುವ ಮಾತು. ಇತರೆಡೆ ಯಂತ್ರದಲ್ಲಿ ತಯಾರಾದ ನಕಲಿಗೂ ಇದಕ್ಕೂ ಬೆಲೆಯಲ್ಲಿ ವ್ಯತ್ಯಾಸವಿರುವುದು ಸಹಜ. ಸಣ್ಣ ವಸ್ತುವೊಂದಕ್ಕೆ ಚೌಕಾಸಿ ಮಾಡುವ ಮುನ್ನ ಅದಕ್ಕೆ ಹಿಡಿದ ದಿನಗಳನ್ನು ಕೇಳುವುದು ಯೋಗ್ಯ.

ಒಬ್ಬರಿಗೂ ಪಂಕ್ತಿಯಿದೆ

ಒಬ್ಬಂಟಿ ಪ್ರವಾಸಿಗೆ ಕಷ್ಟವಾಗುವುದು ಮಧ್ಯಾಹ್ನದ ಊಟದ ಹೊತ್ತಿನಲ್ಲಿ. ನಾಲ್ಕು ಕುರ್ಚಿಯ ಮೇಜಿನಲ್ಲಿ ಒಬ್ಬರೇ ಕುಳಿತರೆ ಹೋಟೆಲಿನವರಿಗೂ ಮುಜುಗರ, ಕುಳಿತವರಿಗೂ ಮುಜುಗರ. ಬೀದರಿನಲ್ಲಿ ಇದಕ್ಕೆ ಉತ್ತರ ಗುರುದ್ವಾರ ನಾನಕ್ ಝೀರಾ ಸಾಹಿಬ್. ದಕ್ಷಿಣ ಯಾತ್ರೆಯಲ್ಲಿ ಗುರು ನಾನಕರು ಇಲ್ಲಿಗೆ ಬಂದಾಗ ಸಿಹಿನೀರಿಗಾಗಿ ಪರಿತಪಿಸುತ್ತಿದ್ದ ಜನರ ಕೋರಿಕೆಗೆ ಓಗೊಟ್ಟು, ಪಾದುಕೆಯಿಂದ ಕಲ್ಲು ಸರಿಸಿದಾಗ ಝರಿ ಚಿಮ್ಮಿತೆಂಬುದು ಸಿಖ್ಖರ ನಂಬಿಕೆ. ಈಗಿನ ಗುರುದ್ವಾರ ನಿರ್ಮಾಣವಾದದ್ದು 1948ರಲ್ಲಿ. 1699ರಲ್ಲಿ ಗುರು ಗೋವಿಂದ ಸಿಂಗರ ಕರೆಗೆ ತಲೆಯೊಪ್ಪಿಸಲು ಎದ್ದು ನಿಂತ ಪಂಚ ಪ್ಯಾರೆಯರಲ್ಲಿ ಒಬ್ಬರಾದ ಭಾಯಿ ಸಾಹಿಬ್ ಸಿಂಗ್ ಬೀದರಿನವರು ಎಂಬುದು ರಾಜ್ಯದ ಇತರೆಡೆಯವರಿಗೆ ಅಷ್ಟಾಗಿ ತಿಳಿದಿಲ್ಲ.

ತಲೆಗೆ ವಸ್ತ್ರ ಸುತ್ತಿ, ಕೈಕಾಲು ತೊಳೆದು ಲಂಗರಿನ ಸಾಲಿನಲ್ಲಿ ಕೂರಬೇಕು. ರೊಟ್ಟಿ, ದಾಲ್, ಪಲ್ಯ ಬಡಿಸುತ್ತಾರೆ. ಹಣ ಕೇಳುವವರಿಲ್ಲ, ಜಾತಿ ಕೇಳುವವರಿಲ್ಲ, ಜೊತೆಗೆ ಯಾರು ಬಂದಿದ್ದಾರೆಂದು ಕೇಳುವವರೂ ಇಲ್ಲ. ತಟ್ಟೆಗೆ ಹಾಕಿಸಿಕೊಂಡದ್ದನ್ನು ಚೆಲ್ಲಬಾರದು. ಪಂಜಾಬಿನಿಂದ ಬಂದ ಯಾತ್ರಿಕರ ಪಕ್ಕದಲ್ಲಿ ಔರಾದಿನ ರೈತ ಕೂತಿರುತ್ತಾನೆ.

ಈ ಸೀಮೆಯ ಮನೆಯೂಟ ಬೇಕಾದವರು ರಾತ್ರಿಗೆ ಖಾನಾವಳಿ ಹುಡುಕಬಹುದು. ಬಿಸಿ ಜೋಳದ ರೊಟ್ಟಿ, ಪುಂಡಿ ಪಲ್ಯ, ಖಾರಬ್ಯಾಳಿ, ಶೇಂಗಾ ಹಿಂಡಿ. ಎಳ್ಳಮಾವಾಸ್ಯೆಯ ದಿನ ಬಂದವರ ಪುಣ್ಯ ದೊಡ್ಡದು. ಅಂದು ಜಿಲ್ಲೆಯ ಜನರೆಲ್ಲ ಹೊಲದಲ್ಲಿರುತ್ತಾರೆ. ಹತ್ತಾರು ತರಕಾರಿ, ಸೊಪ್ಪು, ಕಾಳು ಸೇರಿಸಿ ಬೇಯಿಸಿದ ಭಜ್ಜಿ, ಸಜ್ಜೆ ರೊಟ್ಟಿ, ಅಂಬಲಿ ಹೊಲದಲ್ಲೇ ಬಡಿಸುತ್ತಾರೆ, ದಾರಿಹೋಕರನ್ನೂ ಕರೆದು ಕೂರಿಸುತ್ತಾರೆ. ಆದರೆ ಅಂದು ಊರೊಳಗಿನ ಅಂಗಡಿ, ಹೋಟೆಲುಗಳು ಬಹುಪಾಲು ಮುಚ್ಚಿರುತ್ತವೆ ಎಂಬುದನ್ನು ನೆನಪಿಡಬೇಕು. ಮಾಂಸಾಹಾರಿಗಳಿಗೆ ಹಳೆಯ ಊರಿನಲ್ಲಿ ಬಿರಿಯಾನಿಗೆ ಕೊರತೆಯಿಲ್ಲ. ರಂಜಾನ್ ತಿಂಗಳಲ್ಲಿ ಹಲೀಮ್ ಕೂಡ ಸಿಗುತ್ತದೆ.

ಕಣ್ಣಿಗೆ ಕಾಣದ ಸ್ಮಾರಕ

ಮಧ್ಯಾಹ್ನದ ಬಿಸಿಲಿನಲ್ಲಿ ನಗರದ ಅಂಚಿನ ನೌಬಾದ್‌ಗೆ ಆಟೊದಲ್ಲಿ ಹೋಗಿ ಬರಬಹುದು. ಅಲ್ಲಿರುವುದು ಕರೇಜ್. ಸ್ಥಳೀಯರು ಸುರಂಗ ಬಾವಿ ಎನ್ನುತ್ತಾರೆ. ಇರಾನಿನ ತಂತ್ರವನ್ನು ಬಹಮನಿಗಳ ಕಾಲದಲ್ಲಿ ಇಲ್ಲಿ ಅಳವಡಿಸಲಾಯಿತು. ಅಂತರ್ಜಲ ಸಿಗುವಲ್ಲಿ ಒಂದು ತಾಯಿ ಬಾವಿ, ಅಲ್ಲಿಂದ ನೆಲದಡಿ ತುಸು ಇಳಿಜಾರಾಗಿ ಕೊರೆದ ಸುರಂಗ, ಸುರಂಗದ ಉದ್ದಕ್ಕೂ ಗಾಳಿ ಬೆಳಕಿಗೆ ಮತ್ತು ನೀರು ಸೇದಲು ಬಾವಿಗಳ ಸಾಲು. ಪಂಪು ಬೇಡ, ವಿದ್ಯುತ್ ಬೇಡ. ನೀರು ತನ್ನಷ್ಟಕ್ಕೆ ಹರಿಯುತ್ತದೆ. ನೌಬಾದ್ ಕರೇಜ್ ಸುಮಾರು ಎರಡು ಕಿಲೋಮೀಟರ್ ಉದ್ದವಿದೆ. ಜಂಬಿಟ್ಟಿಗೆಯ ಮೃದುತನವೇ ಈ ಕೊರೆತವನ್ನು ಸಾಧ್ಯವಾಗಿಸಿದ್ದು.

ದಶಕಗಳ ಕಾಲ ಈ ಬಾವಿಗಳು ಕಸದ ಗುಂಡಿಗಳಾಗಿದ್ದವು, ಕೆಲವನ್ನು ಮುಚ್ಚಿ ಮೇಲೆ ಮನೆ, ರಸ್ತೆ ಮಾಡಲಾಗಿತ್ತು. ವಿಶ್ವ ಸ್ಮಾರಕ ನಿಧಿಯು 2014ರ ತನ್ನ ಕಾಳಜಿ ಪಟ್ಟಿಗೆ ಬೀದರ್ ನಗರವನ್ನು ಸೇರಿಸಿದ ಬಳಿಕ ಗಮನ ಹರಿಯಿತು. ಭೂಗೋಳ ಶಾಸ್ತ್ರಜ್ಞ ವಿ. ಗೋವಿಂದನ್‌ಕುಟ್ಟಿ ಸುರಂಗದ ಜಾಡನ್ನು ಗುರುತಿಸಿದರು, ಜಿಲ್ಲಾಡಳಿತ ಹೂಳು ತೆಗೆಸಿತು, ಕೆಲವು ಬಾವಿಗಳಲ್ಲಿ ನೀರು ಕಂಡಿತು. ಅದೇ 2014ರಲ್ಲಿ ದಖ್ಖನ್ ಸುಲ್ತಾನರ ಸ್ಮಾರಕಗಳ ಭಾಗವಾಗಿ ಬೀದರ್ ಯುನೆಸ್ಕೊ ತಾತ್ಕಾಲಿಕ ಪಟ್ಟಿಗೂ ಸೇರಿತು. ಆದರೆ ಕರೇಜ್ ಉಳಿಯಬೇಕಾದರೆ ಬಾವಿಗಳ ಸುತ್ತ ಬೇಲಿ ಹಾಕಿದರೆ ಸಾಲದು. ಪ್ರಸ್ಥಭೂಮಿಯ ಮೇಲೆ ಬಿದ್ದ ಮಳೆ ನೆಲಕ್ಕೆ ಇಳಿಯಲು ಜಾಗವಿರಬೇಕು. ಆ ಜಾಗವೆಲ್ಲ ಬಡಾವಣೆಗಳ ನಿವೇಶನವಾಗಿ ಕಾಂಕ್ರೀಟ್ ಹೊದ್ದರೆ, ಆಳದ ಕೊಳವೆಬಾವಿಗಳು ಉಳಿದ ನೀರನ್ನೂ ಎಳೆದರೆ, ಒಣಗುವುದು ಕರೇಜ್ ಒಂದೇ ಅಲ್ಲ. ನಾನಕ್ ಝೀರಾದ ನೀರೂ ನರಸಿಂಹ ಝರಣಿಯ ನೀರೂ ಇದೇ ಕಲ್ಲಿನಿಂದ ಇಳಿದು ಬರಬೇಕು.

ಸುರಂಗದೊಳಗೆ ಒಬ್ಬರೇ ಇಳಿಯುವ ಸಾಹಸ ಬೇಡ. ಎದೆಮಟ್ಟದ ನೀರಿನಲ್ಲಿ ಗುಹೆಯೊಳಗೆ ಸುಮಾರು 300 ಮೀಟರ್ ನಡೆದು ದೇವರ ದರ್ಶನ ಪಡೆಯಬೇಕಾದ ನರಸಿಂಹ ಝರಣಿಗೂ ಇದೇ ಮಾತು. ಬದಲಿ ಬಟ್ಟೆ, ಜೊತೆಗಾರರು ಇರುವ ಇನ್ನೊಂದು ದಿನಕ್ಕೆ ಅದನ್ನು ಇಟ್ಟುಕೊಳ್ಳಬೇಕು. ಹೋಗುವ ಮುನ್ನ ಗುಹೆಗೆ ಪ್ರವೇಶವಿದೆಯೇ ಎಂದು ವಿಚಾರಿಸುವುದೂ ಅಗತ್ಯ.

ಅಷ್ಟೂರು

ನಾಲ್ಕು ಗಂಟೆಯ ನಂತರ ಅಷ್ಟೂರು. ನಗರದ ಪೂರ್ವಕ್ಕೆ ಕೆಲವೇ ಕಿಲೋಮೀಟರ್. ದಾರಿಯಲ್ಲಿ ದಿಬ್ಬದ ಮೇಲೆ ಎಂಟು ಮೂಲೆಯ ಚೌಖಂಡಿ ಕಾಣುತ್ತದೆ. ಇದು ಅಹ್ಮದ್ ಷಾನ ಆಹ್ವಾನದ ಮೇರೆಗೆ ಇರಾನಿನ ಕಿರ್ಮಾನಿನಿಂದ ಬಂದ ಸಂತ ಮನೆತನದ ಖಲೀಲುಲ್ಲಾ ಅವರ ಸಮಾಧಿ. ಮುಂದೆ ಹೊಲಗಳ ನಡುವೆ ಬಹಮನಿ ಸುಲ್ತಾನರ ಗೋರಿಗಳ ಸಾಲು. ಸಿಡಿಲು ಬಡಿದು ಗುಮ್ಮಟ ಸೀಳಿದೆ ಎನ್ನಲಾದ ಹುಮಾಯೂನ್ ಷಾನ ಗೋರಿ ಅಡ್ಡ ಕೊಯ್ದ ಹಣ್ಣಿನಂತೆ ನಿಂತಿದೆ. ಕ್ರೂರಿ ಎಂದು ಹೆಸರಾದ ದೊರೆಯ ಗೋರಿಗೇ ಸಿಡಿಲು ಬಡಿದದ್ದನ್ನು ಜನ ತಮಗೆ ಬೇಕಾದಂತೆ ಅರ್ಥೈಸಿದ್ದಾರೆ. ಎಂಜಿನಿಯರಿಂಗ್ ವಿದ್ಯಾರ್ಥಿಗಳಿಗೆ ಮಾತ್ರ ಇದು ಗುಮ್ಮಟದ ದಪ್ಪವನ್ನು ಒಳಗಿನಿಂದ ನೋಡುವ ಅಪರೂಪದ ಅವಕಾಶ.

1436ರಲ್ಲಿ ನಿಧನನಾದ ಅಹ್ಮದ್ ಷಾನ ಗೋರಿಯೊಳಗೆ ಗೋಡೆಯಿಂದ ಗುಮ್ಮಟದವರೆಗೆ ಚಿನ್ನ, ಕೆಂಪು, ನೀಲಿ ಬಣ್ಣಗಳ ಚಿತ್ತಾರ ಮತ್ತು ಲಿಪಿ. ಕಣ್ಣು ಕತ್ತಲೆಗೆ ಹೊಂದಿಕೊಳ್ಳಲು ಐದು ನಿಮಿಷ ಬೇಕು. ಜನರು ಈ ಸುಲ್ತಾನನನ್ನು ವಲಿ ಎಂದು, ಅಂದರೆ ಸಂತನೆಂದು ಕರೆಯುತ್ತಾರೆ. ಅಲ್ಲಮಪ್ರಭುವಿನ ಹೆಸರಿನಲ್ಲಿ ಪೂಜಿಸುವವರೂ ಇದ್ದಾರೆ. ಪ್ರತಿವರ್ಷ ಹೋಳಿ ಹುಣ್ಣಿಮೆಯ ಬಳಿಕ ಹಿಂದೂ ಪಂಚಾಂಗದ ಲೆಕ್ಕದಲ್ಲಿ ನಡೆಯುವ ಇಲ್ಲಿಯ ಉರುಸಿನಲ್ಲಿ ಕಲಬುರಗಿ ಜಿಲ್ಲೆಯಿಂದ ಬರುವ ಜಂಗಮರಿಗೆ ಮುಖ್ಯ ಸ್ಥಾನ.

ಕತ್ತಲಾದ ಮೇಲೆ ಅಷ್ಟೂರಿನಲ್ಲಿ ಜನಸಂಚಾರ ಕಡಿಮೆ. ಒಬ್ಬರೇ ಬಂದವರು, ವಿಶೇಷವಾಗಿ ಮಹಿಳೆಯರು, ಬಂದ ಆಟೊವನ್ನೇ ನಿಲ್ಲಿಸಿಕೊಂಡು ಸೂರ್ಯಾಸ್ತಕ್ಕೆ ಮುನ್ನ ಹೊರಡುವುದು ಉತ್ತಮ.

ತಲುಪುವುದು ಹೇಗೆ?

ಹೈದರಾಬಾದಿನಿಂದ ಸುಮಾರು 145 ಕಿಲೋಮೀಟರ್. ಕಲಬುರಗಿಯಿಂದ 2017ರಲ್ಲಿ ಆರಂಭವಾದ ರೈಲು ಮಾರ್ಗವಿದೆ. ಬೆಂಗಳೂರಿನಿಂದ ರಾತ್ರಿ ರೈಲು, ಬಸ್ಸುಗಳಿವೆ. 2020ರಲ್ಲಿ ಆರಂಭವಾದ ವಿಮಾನ ಸೇವೆ ನಡುನಡುವೆ ಸ್ಥಗಿತಗೊಂಡದ್ದುಂಟು, ಮೊದಲೇ ಖಚಿತಪಡಿಸಿಕೊಳ್ಳಬೇಕು. ಅಕ್ಟೋಬರಿನಿಂದ ಫೆಬ್ರವರಿವರೆಗೆ ಪ್ರಶಸ್ತ ಕಾಲ. ಡಿಸೆಂಬರ್, ಜನವರಿಯ ಬೆಳಗಿನ ಚಳಿಗೆ ಸ್ವೆಟರ್ ಬೇಕೇಬೇಕು.

ಭಾಲ್ಕಿ ಕಡೆಯವರಿಗೆ ರೈಲೂ ಇದೆ, ಬಸ್ಸೂ ಇದೆ. ಮರಳುವಾಗ ಭಾಲ್ಕಿಯಲ್ಲಿ ಅರ್ಧ ದಿನ ಉಳಿಯುವಂತಿದ್ದರೆ ಅಲ್ಲಿಯ ಹಳೆಯ ಕೋಟೆಯನ್ನೂ ಹಿರೇಮಠ ಸಂಸ್ಥಾನವನ್ನೂ ನೋಡಬಹುದು. ನಿಜಾಮರ ಕಾಲದಲ್ಲಿ ಹೊರಗೆ ಉರ್ದು ಫಲಕ ತೂಗುಹಾಕಿ ಒಳಗೆ ಕನ್ನಡ ಕಲಿಸಿದ ಡಾ. ಚನ್ನಬಸವ ಪಟ್ಟದ್ದೇವರ ಮಠವದು. ಭಾತಂಬ್ರಾಕ್ಕೆ ಅಲ್ಲಿಂದ ಮತ್ತೊಂದು ಬಸ್ಸು. ಆ ಊರಿನಲ್ಲಿಯೂ ಒಂದು ಕೋಟೆಯಿದೆ. ಬಸ್ಸಿನಿಂದ ಇಳಿದವರು ಅದರ ಕಡೆಗೆ ನೋಡದೆ ಮನೆಯ ದಾರಿ ಹಿಡಿಯುತ್ತಾರೆ.